ಹಿತ್ತಲ ಕಲ್ಲಿನ ಹಂಸಗಳು

ಕಲ್ಲನ್ನು ಗಟ್ಟಿ ಮಾಡುವುದು ನನ್ನ ಕೆಲಸ ಎಂದರೆ ನಮ್ಮ ಕಡೆಯವರಿಗೆ ನಗು ಬರುತ್ತದೆ. ರಾಮನಗರ, ಕನಕಪುರ, ಮಾಗಡಿ ಸುತ್ತಮುತ್ತ ಕಲ್ಲು ಒಡೆಯುವವರು, ಸೀಳುವವರು, ಜಲ್ಲಿ ಮಾಡುವವರು, ಲಾರಿಗೆ ತುಂಬುವವರು ಬೇಕಾದಷ್ಟು ಜನ ಇದ್ದಾರೆ. ಕಲ್ಲು ಮೆತ್ತಗಾಗುತ್ತದೆ, ಅದಕ್ಕೂ ಉಪಚಾರ ಬೇಕಾಗುತ್ತದೆ ಎಂದು ಅಂದುಕೊಂಡವರು ಕಡಿಮೆ. ಮಾಗಡಿ ಸೀಮೆಯ ಹಳ್ಳಿಯೊಂದರ ಹಳೆಯ ಮಂಟಪದಲ್ಲಿ ಊರಿನವರ ಜೊತೆ ನಮ್ಮ ಮೊದಲ ಸಭೆ ನಡೆದಾಗ ನಾನು ಎದ್ದು ನಿಂತು, "ನಿಮ್ಮ ಕಂಬಗಳಿಗೆ ಮದ್ದು ಹಾಕ್ತೀವಿ" ಅಂದುಬಿಟ್ಟೆ. ಹಿಂದೆ ಕೂತಿದ್ದ ಅಜ್ಜನೊಬ್ಬ ಗಾಬರಿಯಿಂದ, "ಸಿಡಿಸ್ಬುಡ್ತೀರೇನವ್ವಾ?" ಎಂದು ಕೇಳಿದ. ಸಭೆಯೆಲ್ಲ ಗೊಳ್ಳೆಂದಿತು. ನಮ್ಮ ಕಡೆ ಬಂಡೆಗೆ ಮದ್ದು ಹಾಕುವುದೆಂದರೆ ಒಂದೇ ಅರ್ಥ. ಇದೇ ನೆಲದಲ್ಲಿ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲಿಲ್ಲವಲ್ಲ ಎಂದು ಮುಖ ಬಿಸಿಯಾಯಿತು. ಆ ಕೆಲಸದುದ್ದಕ್ಕೂ ನಾನು ತಲೆತಗ್ಗಿಸಿದ ಸಂದರ್ಭಗಳಲ್ಲಿ ಅದು ಮೊದಲನೆಯದು, ಮತ್ತು ತೀರ ಸಣ್ಣದು.

ನಾನು ಕನಕಪುರ ತಾಲ್ಲೂಕಿನ ಬೇಸಾಯಗಾರರ ಮನೆಯ ಹುಡುಗಿ. ಓದಿ, ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಸೇರಿದೆ. ಹಳೆಯ ಕಟ್ಟಡಗಳ ಶಿಥಿಲ ಕಲ್ಲಿಗೆ ಬಲ ಕೊಡುವ ವಸ್ತುಗಳನ್ನು ತಯಾರಿಸುವುದು ಅಲ್ಲಿ ನಮ್ಮ ತಂಡದ ಕೆಲಸ. ತಂಡವೆಂದರೆ ಮೂವರು: ನಾವೆಲ್ಲ ಸರ್ ಎಂದು ಕರೆಯುವ ತಮಿಳುನಾಡಿನ ಹಿರಿಯರು, ಚನ್ನಪಟ್ಟಣದಿಂದ ಬಂದ ಸಂಶೋಧನಾ ವಿದ್ಯಾರ್ಥಿನಿ, ಮತ್ತು ನಾನು. ಪ್ರಯೋಗಕ್ಕೆ ಆ ಮಂಟಪವನ್ನು ಆರಿಸಿದ್ದು ಸರ್. ಅದು ನಮ್ಮವ್ವನ ತವರೂರು ಎಂಬುದು ಅವರಿಗೆ ಆಮೇಲೆ ಗೊತ್ತಾದದ್ದು.

ಆ ಊರಲ್ಲಿ ನನ್ನ ಸೋದರಮಾವನಿಗೆ ದೊಡ್ಡ ಹೆಸರು. ತೆಂಗಿನ ತೋಟ, ರಾಗಿ ಹೊಲ, ಮಂಟಪವನ್ನೂ ನೋಡಿಕೊಳ್ಳುವ ದೇವಸ್ಥಾನದ ಸಮಿತಿಗೆ ಅಧ್ಯಕ್ಷಗಿರಿ. ತನ್ನ ಸೊಸೆಯಾಗಬೇಕಾಗಿದ್ದವಳು ವಿಜ್ಞಾನಿಯಾದಳು ಎಂದು ಬಂದವರಿಗೆಲ್ಲ ಹೇಳಿ ನಗುವ ಮನುಷ್ಯ. ಆ ಮೊದಲ ಸಭೆಯಲ್ಲಿ ನನ್ನ ಎಡವಟ್ಟಿನ ನಗು ನಿಂತ ಮೇಲೆ ಮಾವ ಮೈಕು ತೆಗೆದುಕೊಂಡರು. ಮಂಟಪದ ಜಗತಿಯ ಸುತ್ತ, ಅಂದರೆ ಅದು ಕೂತಿರುವ ಕಟ್ಟೆಯ ಹೊರಮುಖದ ಮೇಲೆ, ಹಂಸಗಳ ಸಾಲೊಂದರ ಕೆತ್ತನೆಯಿದೆ. ಪೂರ್ವದ ಮೂಲೆಯಲ್ಲಿ ಒಂದು ಉದ್ದನೆಯ ಕಲ್ಲು ಕಾಣೆಯಾಗಿ, ಯಾರೋ ಅಲ್ಲಿಗೆ ಇಟ್ಟಿಗೆ ತುಂಬಿದ್ದಾರೆ. ಮಾವ ಆ ಕಡೆ ಕೈ ತೋರಿಸಿ, "ನೋಡಿ ಸ್ವಾಮಿ, ದೇವರ ಕಲ್ಲನ್ನೇ ಬುಡ್ಲಿಲ್ಲ. ಎಲ್ಲಾ ಹೊರಗಿನೋರು ಹೊತ್ಕೊಂಡೋಗ್ಬುಟ್ರು. ನಮ್ಮೂರೋರು ಒಬ್ರೂ ಮುಟ್ಟಿಲ್ಲ" ಎಂದರು. ಜನ ಹೌದೌದು ಎಂದರು. ಸರ್ ತಲೆಯಾಡಿಸುತ್ತಾ ಕೇಳಿಸಿಕೊಂಡರು.

ಮಂಟಪದ ಕಾಯಿಲೆ ಏನೆಂದು ಕಂಡುಹಿಡಿಯಲು ಬಹಳ ಕಾಲ ಬೇಕಾಗಲಿಲ್ಲ. ಹಿಂದೊಮ್ಮೆ ಯಾರೋ ಭಕ್ತಿಯಿಂದಲೇ ಒಳಗಿನ ಕಲ್ಲುಹಾಸಿನ ಮೇಲೆ ಸಿಮೆಂಟು ಹಾಕಿಸಿದ್ದರು. ನೆಲದ ತೇವಕ್ಕೆ ಹೊರಬರುವ ದಾರಿ ಮುಚ್ಚಿಹೋಗಿ, ಅದು ಕಂಬಗಳ ಬುಡ ಹಿಡಿದು ಮೇಲೇರಿತು. ತೇವದ ಜೊತೆ ಉಪ್ಪೂ ಏರಿತು. ನೀರು ಆರಿ ಉಪ್ಪು ಹರಳುಗಟ್ಟಿದಾಗಲೆಲ್ಲ ಅದು ಕಲ್ಲಿನ ಕಣಗಳನ್ನು ಒಳಗಿನಿಂದ ಮೀಟುತ್ತದೆ. ಕಂಬದ ಬುಡಕ್ಕೆ ಅಂಗೈ ಒತ್ತಿ ಸವರಿದರೆ ರವೆಯಂತೆ ಉದುರುತ್ತಿತ್ತು. ಗಟ್ಟಿತನಕ್ಕೆ ಹೆಸರಾದ ನಮ್ಮ ಸೀಮೆಯ ಕಲ್ಲು ಹೀಗೆ ಕೈಗೆ ಬರುವುದನ್ನು ನೋಡಿ ಊರಿನ ಹೆಂಗಸರು ಲೊಚಗುಟ್ಟುತ್ತಿದ್ದರು.

ನಾವು ಮಾಡುತ್ತಿದ್ದುದು ಇಷ್ಟು. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳಿರುವ ತೆಳ್ಳನೆಯ ದ್ರವವೊಂದನ್ನು ಕಲ್ಲಿಗೆ ಕುಡಿಸುವುದು. ಅದು ಒಳಗೆ ಇಳಿದು, ನಿಧಾನವಾಗಿ ಗಟ್ಟಿಯಾಗಿ, ಬಿಟ್ಟುಹೋದ ಹರಳುಗಳನ್ನು ಮತ್ತೆ ಒಂದಕ್ಕೊಂದು ಕಚ್ಚಿಸುತ್ತದೆ. ದ್ರವ ಮಾತ್ರ ಆದರೆ ಒಣಗುವಾಗ ಬತ್ತಿದ ಕೆರೆಯ ಕೆಸರಿನಂತೆ ಬಿರಿಯುತ್ತದೆ. ಅದಕ್ಕೇ ಆ ಕಣಗಳು, ಜೊತೆಗೆ ಸ್ವಲ್ಪ ಬಾಗುವ ಗುಣದ ಇನ್ನೊಂದು ವಸ್ತು. ಇವೆಲ್ಲ ಸೇರಿದ್ದನ್ನು ನಾವು ನ್ಯಾನೊಕಾಂಪೊಸಿಟ್ ಎನ್ನುತ್ತೇವೆ. ಊರಿನವರಿಗೆ ಇದನ್ನು ಅರ್ಥ ಮಾಡಿಸಿದವಳು ನಮ್ಮ ವಿದ್ಯಾರ್ಥಿನಿ. "ನಮ್ಮೂರಲ್ಲಿ ಬೊಂಬೆಗೆ ಅರಗು ಹಚ್ತಾರಲ್ಲ, ಅದು ಮೇಲೇ ಕೂತ್ಕೊಳ್ಳುತ್ತೆ. ಇದು ಹಂಗಲ್ಲ, ಒಳಗೆ ಹೋಗ್ಬೇಕು. ಮೇಲೆ ಕೂತ್ರೆ ಕಲ್ಲು ಉಸಿರು ಕಟ್ಟಿ ಇನ್ನೂ ಬೇಗ ಹಾಳಾಗುತ್ತೆ" ಎಂದು ಅವಳು ಹೇಳಿದ ಮೇಲೆ ಯಾರೂ ಸಿಡಿಸುವ ಮಾತಾಡಲಿಲ್ಲ.

ಆದರೆ ನಮಗೊಂದು ತೊಡಕಿತ್ತು. ಪರೀಕ್ಷೆ ಮಾಡದೆ ಮಂಟಪಕ್ಕೆ ಏನನ್ನೂ ಹಚ್ಚುವಂತಿಲ್ಲ. ಒಮ್ಮೆ ಒಳಗೆ ಹೋದದ್ದನ್ನು ವಾಪಸ್ಸು ತೆಗೆಯಲಾಗುವುದಿಲ್ಲ. ಹೊಸ ಕಲ್ಲಿನ ಮೇಲೆ ಪರೀಕ್ಷೆ ಮಾಡಿದರೆ ಉಪಯೋಗವಿಲ್ಲ. ರಾಮನಗರದ ಕಡೆಯಿಂದ ತಂದ ಹೊಸ ಕಲ್ಲಿನ ತುಂಡುಗಳು ನಮ್ಮ ದ್ರವವನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ, ಎಲ್ಲವೂ ಮೇಲೆಯೇ ನಿಂತು ಹೊಳಪು ಕಟ್ಟಿತು. ಬೇಕಾದದ್ದು ಅದೇ ಬೆಟ್ಟದ, ಅದೇ ವಯಸ್ಸಿನ, ಹಾಗೆಯೇ ನೀರು ಉಪ್ಪು ಕುಡಿದು ಸೊರಗಿದ ಕಲ್ಲು. ಬಿದ್ದ ತುಂಡುಗಳೇನಾದರೂ ಇವೆಯೇ ಎಂದು ಸರ್ ಸಮಿತಿಯನ್ನು ಕೇಳುತ್ತಲೇ ಇದ್ದರು. ಮಾವ ಅದೇ ಉತ್ತರ ಕೊಡುತ್ತಿದ್ದರು.

ಒಂದು ದಿನ ಮಾವ ನಮ್ಮ ಮೂವರನ್ನೂ ಊಟಕ್ಕೆ ಕರೆದರು. ಅತ್ತೆ ಬೆಳಿಗ್ಗೆಯಿಂದ ಅಡಿಗೆಗೆ ನಿಂತಿದ್ದರು. ಹುರುಳಿಕಾಳಿನ ಬಸ್ಸಾರು, ಮುದ್ದೆ, ಉಪ್ಪಿನಕಾಯಿ, ಆಮೇಲೆ ಶ್ಯಾವಿಗೆ ಪಾಯಸ. ಸರ್ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಆ ಹೊತ್ತಿಗೆ ಕಲಿತಿದ್ದರು, ಅದನ್ನು ನೋಡಿ ಅತ್ತೆಗೆ ಸಂತೋಷವೋ ಸಂತೋಷ. ಊಟವಾದ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದೆವು. ನೀರಿನ ತೊಟ್ಟಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು. ಉದ್ದನೆಯ ಚಪ್ಪಡಿ, ಒಂದು ತುದಿ ತುಸು ಎತ್ತರಕ್ಕೆ ಆನಿಸಿಟ್ಟದ್ದು, ಅಂಚಿನಲ್ಲಿ ಸೋಪಿನ ನೊರೆ ಒಣಗಿ ಬೆಳ್ಳಗಾದದ್ದು. ಸರ್ ಚೊಂಬಿನಿಂದ ಕೈಮೇಲೆ ನೀರು ಹಾಕಿಕೊಂಡರು. ನೀರು ಕಲ್ಲಿನ ಅಂಚಿನ ಮೇಲೆ ಹರಿದು ನೊರೆ ಸರಿಯಿತು. ಅವರು ಬಗ್ಗಿದರು. ಅಂಚಿನ ಅಡಿಗೆ ಬೆರಳು ಹಾಕಿ, ಕುರುಡರು ತಡವುವ ಹಾಗೆ ನಿಧಾನವಾಗಿ ಸವರಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

ನಾನು ಬಗ್ಗಿ ನೋಡಬೇಕಾಗಿರಲಿಲ್ಲ. ಆ ಉಬ್ಬುಗಳು ನನ್ನ ಬೆರಳಿಗೆ ಗೊತ್ತಿದ್ದವು. ಬೇಸಿಗೆ ರಜೆಗೆ ಬಂದಾಗ ಅತ್ತೆ ಮೈಗೆಲ್ಲ ಎಣ್ಣೆ ಹಚ್ಚಿ ನನ್ನನ್ನು ಅದೇ ಕಲ್ಲಿನ ಮೇಲೆ ಕೂರಿಸುತ್ತಿದ್ದರು. ಸೀಗೆಪುಡಿ ಕಣ್ಣಿಗೆ ಬಿದ್ದು ಉರಿದಾಗ ನಾನು ಎರಡೂ ಕೈಯಿಂದ ಕಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಅಡಿಯಲ್ಲಿ ಬೆರಳಿಗೆ ಗುಂಡಗೆ, ಉದ್ದಕ್ಕೆ, ಮತ್ತೆ ಗುಂಡಗೆ ಏನೋ ಸಿಗುತ್ತಿತ್ತು. ಈಗ ತಿಂಗಳುಗಟ್ಟಲೆ ಮಂಟಪದ ಜಗತಿಯ ಮೇಲೆ ಅದೇ ಗುಂಡು, ಅದೇ ಕೊರಳು, ಅದೇ ಕೊಕ್ಕನ್ನು ಅಳೆದು ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿದ್ದೆ. ಆದರೂ ನನಗೆ ಒಮ್ಮೆಯೂ ಈ ಹಿತ್ತಲು ನೆನಪಾಗಿರಲಿಲ್ಲ.

ಸರ್ ಟವೆಲಿಗೆ ಕೈ ಒರೆಸಿಕೊಂಡು, "ಊಟ ಬಹಳ ಚೆನ್ನಾಗಿತ್ತಮ್ಮ" ಎಂದು ಅತ್ತೆಗೆ ಹೇಳಿದರು. ಮಾವ ಬಾಗಿಲಲ್ಲಿ ನಿಂತು ವೀಳ್ಯದೆಲೆ ಹಿಡಿದುಕೊಂಡು ಕರೆಯುತ್ತಿದ್ದರು. ಸರ್ ಹೋಗಿ ಎಲೆ ತೆಗೆದುಕೊಂಡರು. 

ಜೀಪಿನಲ್ಲಿ ವಾಪಸ್ಸು ಹೊರಟೆವು. ಸಾವನದುರ್ಗದ ಬಂಡೆ ಎಡಗಡೆ ಜೊತೆಜೊತೆಗೇ ಬಂದು ಆಮೇಲೆ ಮರೆಯಾಯಿತು. ವಿದ್ಯಾರ್ಥಿನಿಗೆ ಏನೂ ಗೊತ್ತಾಗಿರಲಿಲ್ಲ, ಊಟದ ಭಾರಕ್ಕೆ ನಿದ್ದೆ ಹೋಗಿದ್ದಳು. ಸರ್ ಏನಾದರೂ ಕೇಳಲಿ ಎಂದು ನಾನು ಕಾಯುತ್ತಿದ್ದೆ. ಕೇಳಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅವರು ಕಿಟಕಿಯಾಚೆ ನೋಡುತ್ತಾ ಕೂತರು. ನನ್ನ ಮನೆಯವರ ಮಾನವನ್ನು ಹೊರಗಿನವರೊಬ್ಬರು ಇಷ್ಟು ಜೋಪಾನವಾಗಿ ಕಾಯುತ್ತಿದ್ದಾರಲ್ಲ ಎನ್ನಿಸಿ ಅವರ ಕಡೆ ತಿರುಗಲು ನಾಚಿಕೆಯಾಯಿತು. ಬೆಂಗಳೂರಿನ ಗಲಾಟೆ ಶುರುವಾದ ಮೇಲೆ ನಾನೇ ಬಾಯಿಬಿಟ್ಟೆ.

"ಸರ್, ನನಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ ಅಂತ ನನಗೆ ಗೊತ್ತಾಯಿತು," ಎಂದರು ಅವರು. "ನಿಮ್ಮ ಮುಖ ನೋಡಿದೆ." ಕಿಟಕಿಯಿಂದ ಈ ಕಡೆ ತಿರುಗಿ, "ಅದು ನಿಮ್ಮ ಮನೆ. ಏನು ಮಾಡಬೇಕು ಅನ್ನೋದನ್ನ ನೀವೇ ನೋಡಿ. ನಾನು ಯಾರಿಗೂ ಹೇಳೋದಿಲ್ಲ" ಎಂದರು.

ಅಂದು ಸಂಜೆ ಅವ್ವನಿಗೆ ಫೋನು ಮಾಡಿದೆ. ಮಾವನ ಮನೆಯ ಒಗೆಯುವ ಕಲ್ಲು ಮಂಟಪದ್ದು ಎಂದು ಗೊತ್ತೇನವ್ವ ಎಂದು ಕೇಳಿದೆ.

"ಗೊತ್ತಿಲ್ದೆ ಏನು? ಆ ಕಲ್ಲಿನ ಮ್ಯಾಲೆ ಕೂತ್ಕೊಂಡೇ ಗಾಡೀಲಿ ಬಂದಿದ್ದೆ ಕಣವ್ವ ನಾನು" ಎಂದಳು ಅವ್ವ. ದನಿಯಲ್ಲಿ ಅಳುಕಿರಲಿಲ್ಲ, ಖುಷಿಯೇ ಇತ್ತು. "ನಾನಿನ್ನೂ ಸಣ್ಣವಳು. ನಮ್ಮಪ್ಪ ಜೋಡೆತ್ತು ಕಟ್ಟಿದ್ದ. ಏರೀಲಿ ಎತ್ತು ಎಳೀದೆ ನಿಂತ್ಕೊಂಡ್ರೆ ನಮ್ಮ ಹೊಲದಾಳುಗಳು ಹಿಂದಿನಿಂದ ನೂಕಿದ್ರು. ಮನೇಗೆ ಒಗೆಯೋ ಕಲ್ಲು ಬಂತು ಅಂತ ನಮ್ಮವ್ವ ಗಾಡಿಗೆ ಆರತಿ ಎತ್ತಿದ್ಲು." ಇಷ್ಟು ಹೇಳಿದ ಮೇಲೆ ಅವಳಿಗೆ ನಾನು ಯಾಕೆ ಕೇಳುತ್ತಿದ್ದೇನೆಂದು ಹೊಳೆಯಿತು. ದನಿ ಇಳಿಯಿತು. "ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲವ್ವ."

"ಅಂಗಾದ್ರೆ ನೀನೂ ಸುಮ್ಕಿರು. ಅಣ್ಣನ ಮರ್ವಾದೆ ಪ್ರಶ್ನೆ."

ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಕಂಬದ ಬುಡದಲ್ಲಿ ಕೂತು ಕೆಲಸ ಮಾಡುವಾಗ ಯಾರಾದರೂ ಹಳ್ಳಿಯವರು ಬಂದು, "ಪಾಪ, ಏಟು ಕಷ್ಟಪಡ್ತೀಯವ್ವ ನಮ್ಮ ದೇವರಿಗೆ" ಎಂದರೆ ಕೈ ಓಡುತ್ತಿರಲಿಲ್ಲ. ಒಂದು ಭಾನುವಾರ ಒಬ್ಬಳೇ ಬಸ್ಸು ಹತ್ತಿ ಮಾಗಡಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮಾವನ ಮನೆ ಸೇರಿದೆ. ಮಾವ ಜಗುಲಿಯ ಮೇಲೆ ಕೂತು ತೆಂಗಿನಕಾಯಿ ಸುಲಿಯುತ್ತಿದ್ದರು. ಕುಶಲ ವಿಚಾರಿಸುವುದು ಮುಗಿದ ಮೇಲೆ ವಿಷಯ ಎತ್ತಿದೆ.

ಮಾವನ ಕೈ ನಿಂತಿತು. "ಯಾವನು ಹೇಳ್ದ ನಿಂಗೆ?"

"ಯಾರೂ ಹೇಳ್ಲಿಲ್ಲ ಮಾವ. ನಾನೇ ನೋಡ್ದೆ. ನಮ್ಮ ಸರ್ ಕೂಡ ನೋಡಿದ್ರು."

ಸರ್ ನೋಡಿದ್ದಾರೆ ಎಂದಾಗ ಅವರ ಮುಖ ಒಂದು ಥರ ಆಯಿತು. ಆಮೇಲೆ ಜೋರು ಮಾಡಿದರು. "ನೋಡು ಕೂಸೆ, ಆವಾಗ ಮಂಟಪ ಅಂದ್ರೆ ಏನಾಗಿತ್ತು ಗೊತ್ತಾ? ದನ ಮಲಗ್ತಿದ್ವು. ಪೂರ್ವದ ಮೂಲೆ ಕುಸಿದು ಬಿದ್ದೋಗಿತ್ತು. ಯಾರ್ಗೂ ಬ್ಯಾಡವಾಗಿ ಬಿದ್ದಿದ್ದ ಕಲ್ನ ನಮ್ಮಪ್ಪ ತಂದ. ಅದ್ರಲ್ಲಿ ತಪ್ಪೇನೈತೆ?"

"ತಪ್ಪಿಲ್ಲ ಅಂದ್ರೆ, ಹೊರಗಿನೋರು ಹೊತ್ಕೊಂಡೋದ್ರು ಅಂತ ಸಭೇಲಿ ಯಾಕೆ ಹೇಳ್ದೆ ಮಾವ?"

 ಉತ್ತರ ಬರುವ ಮೊದಲೇ ಒಳಗಿನಿಂದ ಅತ್ತೆ ಬಂದರು. ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಯಾವ ಕಲ್ಲು?" ಎಂದರು.

ಮಾವ ಕೈಯಲ್ಲಿದ್ದ ಕಾಯಿಯ ನಾರು ಕೀಳತೊಡಗಿದರು. 

"ಯಾವ ಕಲ್ಲು ಅಂತ ಕೇಳ್ದೆ."

ಅತ್ತೆಗೆ ಗೊತ್ತಿರಲಿಲ್ಲ. ಮದುವೆಯಾಗಿ ಆ ಮನೆಗೆ ಬಂದಾಗ ಕಲ್ಲು ಆಗಲೇ ಹಿತ್ತಲಲ್ಲಿತ್ತು. ಅದು ಎಲ್ಲಿಂದ ಬಂತೆಂದು ಅವರಿಗೆ ಯಾರು ಹೇಳುತ್ತಾರೆ? ನಾನು ಹೇಳಿದೆ. ಅವರು ಜಗುಲಿಯ ಕಂಬ ಹಿಡಿದುಕೊಂಡು ಕೂತುಬಿಟ್ಟರು. "ಮನೆಮಂದಿ ಕೊಳೇನೆಲ್ಲ ಅದ್ರ ಮ್ಯಾಲೆ ಒಗ್ದಿವ್ನಲ್ಲ ನಾನು," ಎಂದರು ಮಾವನ ಕಡೆ ತಿರುಗಿ. "ಬಾಣಂತನದ ಬಟ್ಟೆ, ಮುಟ್ಟಿನ ಬಟ್ಟೆ, ನಿಮ್ಮಪ್ಪ ಸಾಯೋ ಕಾಲದಲ್ಲಿ ಮಲಗಿದ್ದ ದುಪ್ಪಟಿ... ಎಲ್ಲಾ ಅದ್ರ ಮ್ಯಾಲೇ. ಒಬ್ರಾದ್ರೂ ಒಂದು ಮಾತು ಹೇಳ್ಬಾರ್ದಾಗಿತ್ತಾ ನಂಗೆ?"

ಮಾವನನ್ನು ಆ ತನಕ ನಾನು ತಲೆ ಎತ್ತಿ ನಡೆಯುವ ಮನುಷ್ಯನಾಗಿ ಮಾತ್ರ ನೋಡಿದ್ದೆ. ಅವರು ಸುಲಿದ ಕಾಯನ್ನು ಕೈಯಲ್ಲಿ ಹಿಡಿದುಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಅತ್ತಿತ್ತ ನೋಡಿದರು. ಆಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು ತೋಟದ ಕಡೆ ಹೊರಟುಹೋದರು.

ಅತ್ತೆ ಕಾಯಲಿಲ್ಲ. ಪಕ್ಕದ ಹೊಲದಲ್ಲಿ ಕೆಲಸಕ್ಕಿದ್ದ ಗಂಡಸರನ್ನು ಕರೆದರು. ಅವರು ಹಾರೆ ಹಾಕಿ ಮೀಟಿ, ಗೋಣಿಚೀಲ ಹಾಸಿ, ಕಲ್ಲನ್ನು ನಿಧಾನವಾಗಿ ಮಗುಚಿದರು. ಅಡಿಯಲ್ಲಿ ಎರೆಹುಳು, ಕಪ್ಪು ಕೆಸರು, ಎಂದೋ ಕಳೆದುಹೋದ ಒಂದು ಗುಂಡಿ. ಅತ್ತೆ ಕೊಡ ತುಂಬ ನೀರು ತಂದು ಸುರಿದರು. ಕೆಸರು ಇಳಿದಂತೆ ಹಂಸಗಳು ಒಂದೊಂದಾಗಿ ಕಾಣಿಸಿಕೊಂಡವು. ಮಂಟಪದಲ್ಲಿ ಉಳಿದವೆಲ್ಲ ಸವೆದು ಬರಿಯ ಉಬ್ಬಾಗಿದ್ದರೆ, ಇಲ್ಲಿ ಕೊಕ್ಕಿನ ಸೀಳು, ರೆಕ್ಕೆಯ ಗೆರೆ, ಬಾಲದ ಸುರುಳಿ ಎಲ್ಲವೂ ನೆಟ್ಟಗಿದ್ದವು. ಹಾರೆ ಹಿಡಿದಿದ್ದವರಲ್ಲಿ ಒಬ್ಬರು ಕೈಮುಗಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, "ಇದನ್ನ ಇವತ್ತೇ ತಗೊಂಡೋಗು" ಎಂದರು ನನಗೆ. ನಾನೊಬ್ಬಳು ಅದನ್ನು ಹೇಗೆ ತೆಗೆದುಕೊಂಡು ಹೋಗುವುದು? ಸರ್‌ಗೆ ಫೋನು ಮಾಡಿದೆ.

ಮಾರನೆಯ ದಿನ ಟ್ರ್ಯಾಕ್ಟರ್ ಬಂತು. ಸರ್ ಕಲ್ಲಿನ ಪಕ್ಕ ಕೂತು ಎರಡೂ ಮುಖಗಳನ್ನು ಬಹಳ ಹೊತ್ತು ನೋಡಿದರು. ಅವರಿಗೆ ಹಂಸಗಳಿಗಿಂತ ಇನ್ನೊಂದು ಮುಖದ ಮೇಲೆ ಕಣ್ಣು. ವರ್ಷಗಟ್ಟಲೆ ನೀರು, ಸೋಪು, ಸೋಡಾ ಕುಡಿದು, ಬಟ್ಟೆಯ ಪೆಟ್ಟು ತಿಂದು ಆ ಮುಖ ಮಂಟಪದ ಕಂಬಗಳಿಗಿಂತ ಹೆಚ್ಚು ಹಾಳಾಗಿತ್ತು. ಒಂದೇ ಕಲ್ಲಿನಲ್ಲಿ ಒಂದು ಕಡೆ ಕೆಟ್ಟದ್ದು, ಇನ್ನೊಂದು ಕಡೆ ಗಟ್ಟಿಯಾಗಿ ಉಳಿದದ್ದು. "ನಮಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯ ಕಲ್ಲು ಎಲ್ಲೂ ಸಿಗೋದಿಲ್ಲ" ಎಂದರು ಸರ್, ಸಂತೋಷವನ್ನು ಮುಚ್ಚಿಡಲಾಗದೆ. ನಮ್ಮ ಮನೆಯವರು ಕೆಡಿಸಿದ್ದೇ ನಮ್ಮ ವಿಜ್ಞಾನಕ್ಕೆ ಬೇಕಾಗಿತ್ತು. ಆ ಮಾತಿಗೆ ಎಲ್ಲಿ ನೋಡಬೇಕೆಂದು ನನಗೆ ತಿಳಿಯಲಿಲ್ಲ.

ಮಂಟಪದ ಹಿಂದೆ ತಗಡಿನ ಚಪ್ಪರ ಹಾಕಿ ಕಲ್ಲನ್ನು ಇಟ್ಟುಕೊಂಡೆವು. ಕೆಟ್ಟ ಮುಖವನ್ನು ಚೌಕಗಳಾಗಿ ಗುರುತು ಮಾಡಿ, ಒಂದೊಂದಕ್ಕೆ ಒಂದೊಂದು ಹದದ ದ್ರವ ಕುಡಿಸಿದೆವು. ಅದಕ್ಕೂ ಮೊದಲು ಉಪ್ಪನ್ನು ತೆಗೆಯಬೇಕಿತ್ತು. ಒದ್ದೆ ಕಾಗದದ ಮುದ್ದೆ ಮೆತ್ತಿ, ಒಣಗಿದ ಮೇಲೆ ಕಿತ್ತು, ಮತ್ತೆ ಮೆತ್ತುವ ಕೆಲಸ. ಮೊದಲ ಹದ ಗಟ್ಟಿ ಮಾಡಿತು, ಆದರೆ ಕಲ್ಲು ಮಳೆಯಲ್ಲಿ ನೆನೆದಂತೆ ಕಪ್ಪಗಾಗಿ ಹಾಗೆಯೇ ಉಳಿಯಿತು. ಬಾಗುವ ವಸ್ತುವನ್ನು ಕಡಿಮೆ ಮಾಡಿದರೆ ಬಿರುಕು, ಹೆಚ್ಚು ಮಾಡಿದರೆ ಕಪ್ಪು. ಬೇಸಿಗೆಯೆಲ್ಲ ಹೀಗೇ ಕಳೆಯಿತು. ಕಡೆಗೆ ಕಣಗಳನ್ನು ಇನ್ನಷ್ಟು ಸಣ್ಣದಾಗಿ, ಹೆಚ್ಚಾಗಿ ಸೇರಿಸಿ, ದ್ರವವನ್ನು ತೀರ ತೆಳ್ಳಗೆ ಮಾಡಿ, ಒಮ್ಮೆಗೇ ಕುಡಿಸದೆ ಬಿಟ್ಟುಬಿಟ್ಟು ಕುಡಿಸಿದಾಗ ಬಣ್ಣ ಉಳಿಯಿತು. ಅಂಟುಪಟ್ಟಿಯನ್ನು ಕಲ್ಲಿಗೆ ಒತ್ತಿ ಕಿತ್ತು, ಅದಕ್ಕೆ ಎಷ್ಟು ಪುಡಿ ಅಂಟಿದೆ ನೋಡುವುದು ನಮ್ಮ ಸರಳ ಪರೀಕ್ಷೆ. ಮೊದಲು ಪಟ್ಟಿಯ ತುಂಬ ರವೆ ಬರುತ್ತಿತ್ತು. ಈಗ ಪಟ್ಟಿ ಖಾಲಿ. ನೀರು ಹನಿಸಿದರೆ ಕಲ್ಲು ಮೊದಲಿನಂತೆ ಹೀರಿ, ಮೊದಲಿನಂತೆ ಆರಿತು. ವಿದ್ಯಾರ್ಥಿನಿ ಆ ಖಾಲಿ ಪಟ್ಟಿಯನ್ನು ಬೆಳಕಿಗೆ ಹಿಡಿದು ಕುಣಿದಾಡಿದಳು.

ಇಷ್ಟು ದಿನವೂ ಮಾವ ಚಪ್ಪರದ ಕಡೆ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ "ಊಟ ಆಯ್ತಾ" ಎಂದು ಕೇಳಿ ಮುಂದೆ ಹೋಗುತ್ತಿದ್ದರು.

ಪೂರ್ವದ ಮೂಲೆಯ ಇಟ್ಟಿಗೆ ತೆಗೆಸಿ ಕಲ್ಲನ್ನು ಮತ್ತೆ ಕೂರಿಸುವ ದಿನ ಸಮಿತಿಯವರು ಸಣ್ಣದೊಂದು ಸಮಾರಂಭ ಇಟ್ಟುಕೊಂಡರು. ಶಾಮಿಯಾನ, ಮೈಕು, ಕುರ್ಚಿಗಳು. ಕಲ್ಲು ಅಧ್ಯಕ್ಷರ ಮನೆಯಿಂದ ಬಂದದ್ದು ಎಂದು ಎಲ್ಲರಿಗೂ ಗೊತ್ತಾಗಿತ್ತು, ಆದರೆ ಅದು ಬಾಯಿಂದ ಬಾಯಿಗೆ ಹೋಗುತ್ತಾ ಬೇರೆಯೇ ಆಗಿತ್ತು. ಕಾರ್ಯದರ್ಶಿ ಎದ್ದು, ಮಂಟಪದ ಕಲ್ಲನ್ನು ಇಷ್ಟು ಕಾಲ ಕಳ್ಳರ ಕೈಗೆ ಸಿಗದಂತೆ ಕಾಪಾಡಿ ಈಗ ದಾನ ಮಾಡಿದ ನಮ್ಮ ಅಧ್ಯಕ್ಷರು ಎಂದು ಹೇಳಿ, ಶಾಲು ಹಾರ ತರಿಸಿದರು. ನಾನು ವೇದಿಕೆಯ ಮೇಲೆ ಸರ್ ಪಕ್ಕದಲ್ಲಿ ಕೂತಿದ್ದೆ.  ಕೆಳಗೆ ಹೆಂಗಸರ ನಡುವೆ ಕೂತಿದ್ದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ಮಾವ ಶಾಲು ಹೊದಿಸಿಕೊಂಡು ಮೈಕಿನ ಮುಂದೆ ನಿಂತರು. ಹಾರವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಾನು ದಾನ ಗೀನ ಮಾಡಿಲ್ಲ. ಈ ಕಲ್ಲು ನಮ್ದಲ್ಲ" ಎಂದರು.

ಜನ ಚಪ್ಪಾಳೆ ತಟ್ಟಿದರು.

"ಅಂಗಲ್ಲ, ಕೇಳಿ ಇಲ್ಲಿ. ಇದು ದೇವರದ್ದು. ಇದನ್ನ ನಮ್ಮನೇಲಿ ಇಟ್ಕಂಡಿದ್ದು ತಪ್ಪು."

ಇನ್ನೂ ಜೋರಾಗಿ ಚಪ್ಪಾಳೆ. "ದೊಡ್ಡ ಮನಸು" ಎಂದು ಯಾರೋ ಕೂಗಿದರು. ಮಾವ ನನ್ನ ಕಡೆ ತಿರುಗಿ ನೋಡಿದರು. ನೀನಾದರೂ ಹೇಳು ಎಂಬ ನೋಟ ಅದು. ನನ್ನ ಕೈಯಲ್ಲಿ ಇನ್ನೊಂದು ಮೈಕು ಇತ್ತು, ಮುಂದೆ ಮಾತಾಡುವ ಸರದಿಯೂ ನನ್ನದೇ ಆಗಿತ್ತು. ಎದ್ದು ನಿಂತು ಕಣಗಳ ಬಗ್ಗೆ, ಉಪ್ಪಿನ ಬಗ್ಗೆ, ಕಲ್ಲು ಉಸಿರಾಡುವ ಬಗ್ಗೆ ಹೇಳಿದೆ. ಮಾವನ ಬಗ್ಗೆ ಒಂದು ಅಕ್ಷರವೂ ಬಾಯಿಗೆ ಬರಲಿಲ್ಲ. ತುಂಬಿದ ಸಭೆಯಲ್ಲಿ ಅವ್ವನ ಅಣ್ಣನನ್ನು ನಾನು ಕಳ್ಳನ ಮಗ ಎಂದು ಹೇಗೆ ಕರೆಯಲಿ? ಹಾಗೆಂದು ಸುಮ್ಮನೆ ಕೂತಾಗಲೂ ಸಮಾಧಾನವಾಗಲಿಲ್ಲ. ನಾನು ಹೇಳಿದ್ದೆಲ್ಲ ನಿಜವೇ ಆಗಿತ್ತು, ಆದರೂ ಇಡೀ ಭಾಷಣವೇ ಸುಳ್ಳು ಹೇಳಿದ ಹಾಗೆ ಕೇಳಿಸಿತು ನನಗೆ.

ಮುಂದಿನ ಸಮಿತಿ ಸಭೆಗೆ ನನ್ನನ್ನೂ ಕರೆದಿದ್ದರು. ಏಳೆಂಟು ಜನ, ಮೈಕಿಲ್ಲ. ಮಾವ ಅಧ್ಯಕ್ಷರ ಕುರ್ಚಿಯಲ್ಲಿ ಕೂರದೆ ಚಾಪೆಯ ಮೇಲೆ ಕೂತರು. "ಅವತ್ತು ನೀವು ಚಪ್ಪಾಳೆ ಹೊಡೆದು ನನ್ನ ಮಾತು ಮುಗಿಸೋಕೆ ಬುಡ್ಲಿಲ್ಲ" ಎಂದು ಶುರು ಮಾಡಿ, ಅಪ್ಪ ಗಾಡಿ ಕಟ್ಟಿದ್ದು, ಒಗೆಯುವ ಕಲ್ಲಾಗಿ ಹಾಕಿಕೊಂಡದ್ದು, ಹೊರಗಿನವರ ಮೇಲೆ ತಾವು ಹಾಕಿದ್ದು ಎಲ್ಲವನ್ನೂ ಹೇಳಿದರು. "ಬೇರೆ ಯಾರನ್ನಾದ್ರೂ ಅಧ್ಯಕ್ಷನ್ನ ಮಾಡ್ಕಳಿ" ಎಂದರು.  ಆಮೇಲೆ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, "ನಮ್ಮನೆ ಹೊಸ್ತಿಲು ಕೂಡ ಇಲ್ಲಿಂದ್ಲೇ ಬಂದದ್ದು ಅಂತ ನಮ್ಮಜ್ಜಿ ಹೇಳ್ತಿತ್ತು" ಎಂದರು. ಇನ್ನೊಬ್ಬರು ಕಾಲಿನ ಉಗುರು ನೋಡಿಕೊಳ್ಳುತ್ತಾ, ತಮ್ಮ ಕೊಟ್ಟಿಗೆಯಲ್ಲಿ ದನಕ್ಕೆ ನೀರಿಡುವ ಬಾನಿ ಒಂದಿದೆ, ಅದಕ್ಕೂ ಏನೋ ಕೆತ್ತನೆ ಇದೆ ಎಂದರು.

ಆ ವಾರವೆಲ್ಲ ಕಲ್ಲುಗಳು ಬಂದವು. ಯಾರೂ ಎದುರು ಬಂದು ಒಪ್ಪಿಸಲಿಲ್ಲ. ನಾವು ಬೆಳಿಗ್ಗೆ ಹೋದರೆ ಚಪ್ಪರದ ಮುಂದೆ ಇರುತ್ತಿದ್ದವು. ಕೆಲವು ಮಾತ್ರ ಮಂಟಪದವಾಗಿದ್ದವು. ಒಂದು ಮುರಿದ ರುಬ್ಬುಗುಂಡು, ಒಂದು ಯಾವುದೋ ಜಮೀನಿನ ಗಡಿಕಲ್ಲು, ಅದಕ್ಕೂ ಯಾರೋ ಅರಿಸಿನ ಕುಂಕುಮ ಇಟ್ಟಿದ್ದರು. ಗಡಿಕಲ್ಲು ಯಾರದೆಂದು ಹುಡುಕಿ ವಾಪಸ್ಸು ಮುಟ್ಟಿಸುವ ಹೊತ್ತಿಗೆ ವಿದ್ಯಾರ್ಥಿನಿಗೆ ಸಾಕುಸಾಕಾಯಿತು. ಮಾವನ ರಾಜೀನಾಮೆಯನ್ನು ಯಾರೂ ಒಪ್ಪಲಿಲ್ಲ. ಅವರನ್ನು ಕಳಿಸಿದರೆ ತಾವೂ ಹೋಗಬೇಕಾಗುತ್ತದೆ ಎಂದೋ ಏನೋ.

ಅವ್ವ ಮಾತ್ರ ನನ್ನ ಮೇಲೆ ಸಿಟ್ಟಾದಳು. ನೀನು ಅಲ್ಲಿಗೆ ಕೆಲಸಕ್ಕೆ ಹೋಗದಿದ್ದರೆ ಅಣ್ಣ ಜನರ ಮುಂದೆ ತಲೆತಗ್ಗಿಸುವುದು ಇರುತ್ತಿರಲಿಲ್ಲ ಎಂದಳು. ಅದು ನಿಜ. ಅವಳ ಬಾಲ್ಯದ ಒಂದು ಒಳ್ಳೆಯ ದಿನವನ್ನು ನಾನು ಕೆಡಿಸಿದೆ. ಈಗಲೂ ಆ ವಿಷಯ ಬಂದರೆ ಅವಳು ಎದ್ದು ಅಡಿಗೆಮನೆಗೆ ಹೋಗುತ್ತಾಳೆ, ನಾನು ಹಿಂದೆ ಹೋಗುವುದಿಲ್ಲ.

ನೆಲದ ಸಿಮೆಂಟನ್ನೂ ತೆಗೆಸಿ, ಕಂಬಗಳ ಕೆಲಸ ಮುಗಿಯುತ್ತಾ ಬಂದಾಗ ಸಮಿತಿಯವರು ಹಂಸದ ಕಲ್ಲಿನ ಪಕ್ಕ ಒಂದು ಫಲಕ ಹಾಕಬೇಕೆಂದರು. ಕನ್ನಡದಲ್ಲಿ ಬರೆಯುವ ಕೆಲಸವನ್ನು ಸರ್ ನನಗೆ ವಹಿಸಿದರು. ಏನು ಬರೆದರೂ ಒಂದೋ ಹೊಗಳಿಕೆಯಾಗುತ್ತಿತ್ತು, ಇಲ್ಲವೇ ದೂರಾಗುತ್ತಿತ್ತು. ಕಡೆಗೆ, ಈ ಕಲ್ಲು ಕೆಲವು ಕಾಲ ಊರಿನ ಮನೆಯೊಂದರಲ್ಲಿತ್ತು, ಅಲ್ಲಿ ಸವೆದ ಭಾಗವನ್ನು ಗಟ್ಟಿ ಮಾಡಿ ಮೂಲ ಜಾಗದಲ್ಲಿ ಕೂರಿಸಲಾಗಿದೆ ಎಂದು ಬರೆದು, ಮಾವನಿಗೆ ತೋರಿಸಲು ಹೋದೆ. ಅವರು ಕನ್ನಡಕ ಹಾಕಿಕೊಂಡು ಜಗತಿಯ ಮೆಟ್ಟಿಲ ಮೇಲೆ ಕೂತು ಎರಡೆರಡು ಸಲ ಓದಿದರು.

"ಮನೆಯೊಂದರಲ್ಲಿ ಅಂತ ಹಾಕಿದೀಯ. ಯಾರ ಮನೇಲಿ ಅಂತ ಬಂದೋರು ಕೇಳಲ್ವಾ?"

"ಕೇಳಬೌದು ಮಾವ. ಬೇಡ ಅಂದ್ರೆ ತೆಗೀತೀನಿ."

"ತೆಗೀಬ್ಯಾಡ," ಎಂದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ಕೇಳಿದ್ರೆ ಹೇಳ್ತೀನಿ. ಸಾಯಂಕಾಲ ಎಂಗೂ ಇಲ್ಲೇ ಕೂತಿರ್ತೀನಲ್ಲ."

ಆಮೇಲೆ ನಾವಿಬ್ಬರೂ ಮಾಗಡಿಯ ಬಸ್ಸು ಬರುವ ತನಕ ಅಲ್ಲೇ ಕೂತಿದ್ದೆವು. ಮಾವ ಈ ಸಲದ ರಾಗಿಯ ಬಗ್ಗೆ ಮಾತಾಡಿದರು.